ಮಾತ್ರೆ ನೆನಪಿಸುವ ಮೆಸೇಜ್ ನಿಮ್ಮ ಮನೆಯ ಹಿರಿಯರು ಓದುತ್ತಾರಾ?

ಶಿರಸಿ ಹುಡುಗ:
ನಮ್ಮ ಆಯಿಗೆ ಬಿಪಿ, ಸಕ್ಕರೆ ಎರಡೂ ಇದೆ. ಹೋದ ತಿಂಗಳು ಆಸ್ಪತ್ರೆಯಲ್ಲಿ ನಂಬರ್ ಕೇಳಿದರು, ಮಾತ್ರೆ ಹೊತ್ತು, ಮುಂದಿನ ತಪಾಸಣೆ ಎಲ್ಲ ಮೆಸೇಜಲ್ಲಿ ನೆನಪಿಸುತ್ತೇವೆ ಅಂದರು. ಆಯಿ ನನ್ನ ನಂಬರ್ ಕೊಟ್ಟು ಬಂದಿದ್ದಾಳೆ. ನಾನಿರೋದು ಬೆಂಗಳೂರಲ್ಲಿ. ಬೆಳಿಗ್ಗೆ 8ಕ್ಕೆ ಮೆಸೇಜ್ ನನಗೆ ಬರುತ್ತದೆ, ಮಾತ್ರೆ ಡಬ್ಬಿ ಅಲ್ಲಿ ಅಡಿಗೆಮನೆ ಕಿಟಕಿಯಲ್ಲಿ ಇರುತ್ತದೆ. ಅವಳ ಹತ್ತಿರವೂ ಫೋನ್ ಇದೆ, ದಿನಾ ವಾಟ್ಸಾಪ್ ನೋಡುತ್ತಾಳೆ. ಇದು ಮಾತ್ರ ಯಾಕೆ ಬೇಡ?

ಹೊನ್ನಾವರದವಳು:
ಬೇಡ ಅಂತಲ್ಲ, ಹೆದರಿಕೆ. 2021ರಲ್ಲಿ ಕೋವಿಡ್ ಲಸಿಕೆಗೆ ಒಂದೇ ನಂಬರಲ್ಲಿ ಮನೆಯ 4 ಜನರ ಹೆಸರು ಬರೆಸಿದ್ದೆವಲ್ವಾ, ಆಗಿನಿಂದ ಮಕ್ಕಳ ನಂಬರ್ ಕೊಡೋದು ರೂಢಿಯಾಗಿದೆ. ಮೇಲಿಂದ ನಾವೇ ದಿನಾ ಹೇಳುತ್ತೇವೆ, ಗೊತ್ತಿಲ್ಲದ ಮೆಸೇಜ್ ಒತ್ತಬೇಡ, ದುಡ್ಡು ಹೋಗುತ್ತದೆ ಅಂತ. ಆಸ್ಪತ್ರೆ ಮೆಸೇಜೂ ಅವರಿಗೆ ಗೊತ್ತಿಲ್ಲದ್ದೇ.

ಸಿದ್ದಾಪುರದ ಆಶಾ:
ತಮ್ಮಾ, ನಾನು ಆಶಾ ಕಾರ್ಯಕರ್ತೆ. ಮಂಗನ ಕಾಯಿಲೆ ಹೊತ್ತಿನಲ್ಲಿ, ಅಂದರೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ಊರಿನ ಗುಂಪಿಗೆ ಬರೆದು ಹಾಕುತ್ತಿದ್ದೆ. ಒಬ್ಬರೂ ಕೇಳಲಿಲ್ಲ. ಆಮೇಲೆ ನನ್ನ ಧ್ವನಿಯಲ್ಲೇ ಹೇಳಿ ಕಳಿಸಿದೆ, "ದರಕು (ಒಣ ಎಲೆ) ತರಲು ಹೋಗುವಾಗ ಕೈಕಾಲಿಗೆ ಉಣುಗು (ಉಣ್ಣಿ ಹುಳ) ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿನೀರಲ್ಲಿ ಮೀಯಿರಿ, ಉಣುಗು ಕಚ್ಚಿ ಜ್ವರ ಬಂದರೆ ಮುಚ್ಚಿಡಬೇಡಿ." ಅವತ್ತೇ ಮೂರು ಮನೆಯವರು ಎಣ್ಣೆ ಕೇಳಿಕೊಂಡು ಬಂದರು. ಅಕ್ಷರ ಸಣ್ಣ, ಕನ್ನಡಕ ಎಲ್ಲೋ ಇರುತ್ತದೆ, ಪರಿಚಯದ ಧ್ವನಿ ಆದರೆ ಕೆಲಸ ಮಾಡುತ್ತಲೇ ಕೇಳಬಹುದು.

ಕಾರವಾರದಿಂದ:
ಮೆಸೇಜಲ್ಲಿ ಏನು ಬರೆದಿದೆ ಅನ್ನೋದೂ ಮುಖ್ಯ. ನಮ್ಮ ಮಾವ ಟಿಬಿಗೆ 6 ತಿಂಗಳು ಮಾತ್ರೆ ತಗೊಂಡರು. ಮೀನಿಗೆ ಹೋದರೆ ಸಮುದ್ರದಲ್ಲಿ ಸಿಗ್ನಲ್ ಇಲ್ಲ, ಬೈತಖೋಲ ಬಂದರಿಗೆ ಬೋಟು ಮುಟ್ಟಿದ ಮೇಲೆ ಎಲ್ಲ ಮೆಸೇಜ್ ಒಟ್ಟಿಗೆ ಟಣ್ ಟಣ್ ಅಂತ ಬರುತ್ತಿದ್ದವು. ಒಂದು ಸಲ ಫೋನ್ ಬೇರೆಯವರ ಕೈಯಲ್ಲಿತ್ತು, ಕಾಯಿಲೆ ಹೆಸರು ಪರದೆ ಮೇಲೇ ಕಂಡಿತು. ಆವತ್ತಿಂದ ಅವರ ಜೊತೆ ಊಟಕ್ಕೆ ಕೂರಲು ಇಬ್ಬರು ಹಿಂಜರಿದರು. ಮಾವ ಆ ನಂಬರನ್ನೇ ಬಂದ್ ಮಾಡಿಸಿದರು. "ಮಾತ್ರೆ ಹೊತ್ತಾಯ್ತು" ಅಂತಷ್ಟೇ ಬಂದಿದ್ದರೆ ಸಾಕಿತ್ತು.

ಶಿರಸಿ ಹುಡುಗ:
ಇದು ನನಗೆ ಹೊಳೆದೇ ಇರಲಿಲ್ಲ. ಆಯಿ ಫೋನೂ ಜಗಲಿ ಮೇಲೇ ಇರುತ್ತದೆ, ಬಂದವರೆಲ್ಲ ಎತ್ತಿ ನೋಡುತ್ತಾರೆ. ಮೊದಲು ಅವಳನ್ನೇ ಕೇಳುತ್ತೇನೆ. ಒಪ್ಪಿದರೆ ಆಸ್ಪತ್ರೆಯಲ್ಲಿ ಅವಳ ನಂಬರ್ ಬರೆಸಿ, ಅವಳ ಫೋನಲ್ಲಿ ಆಸ್ಪತ್ರೆ ಮೆಸೇಜ್ ಬರುವ ನಂಬರನ್ನು 'ಡಾಕ್ಟರು' ಅಂತ ಉಳಿಸಿಕೊಡುತ್ತೇನೆ. ಅಲ್ಲಿಯವರೆಗೆ ದಿನಾ 8ಕ್ಕೆ ನಾನೇ ಮಾತಾಡಿ ಕಳಿಸುತ್ತೇನೆ. ಅಕ್ಕಾ, ಆ ಎಣ್ಣೆ ನಮ್ಮ ಕಡೆಯೂ ಸಿಗುತ್ತದಾ? ಆಯಿ ಈಗಲೂ ಬೆಟ್ಟಕ್ಕೆ ಸೊಪ್ಪಿಗೆ ಹೋಗುತ್ತಾಳೆ.