ಸ್ಟುಡಿಯೋದವರು ಕರೆದಾಗ ಏನೇನು ಬರೆಸಿಕೊಳ್ಳಬೇಕು? ವಾದಕರಿಗೆ ಅನುಭವಸ್ಥರ ಉತ್ತರಗಳು

ಕೇಳಿದವರು: ಪಿಟೀಲು, ಹಾಸನ

ಬೆಂಗಳೂರಿನ ಸ್ಟುಡಿಯೋಗಳಿಂದ ಸಿನಿಮಾ ಹಾಡಿಗೆ, ರೀ-ರೆಕಾರ್ಡಿಂಗ್‌ಗೆ (ಹಿನ್ನೆಲೆ ಸಂಗೀತಕ್ಕೆ) ಆಗಾಗ ಕರೆ ಬರುತ್ತದೆ. ಹಾಸನಾಂಬೆ ಬಾಗಿಲು ತೆಗೆಯುವ ಮುಂಚಿನ ತಿಂಗಳಲ್ಲಿ ಇಲ್ಲಿನ ಭಕ್ತಿಗೀತೆ ಆಲ್ಬಂನವರೂ ಕೇಳುತ್ತಾರೆ, ಅವರಿಗೆ ಮನೆಯಿಂದಲೇ ನುಡಿಸಿ ಕಳಿಸಬೇಕು. ಎಲ್ಲ ಬಾಯಿಮಾತು. ಒಂದು ಹಾಡು ಎಂದು ಕರೆದು ನಾಲ್ಕು ಹಾಡಿನ ಬಿಟ್ (ವಾದ್ಯದ ತುಣುಕು) ನುಡಿಸಿಸಿದರೆ ಏನು ಕೇಳಬೇಕು? ಯೂನಿಯನ್ ರೇಟು ಅಂತ ಇದೆಯೇ? ದುಡ್ಡು ಬಾರದಿದ್ದರೆ ಯಾರ ಹತ್ತಿರ ಹೋಗಬೇಕು?

ಕೊಳಲು, ಬೆಂಗಳೂರು

ಚೆನ್ನೈ, ಮುಂಬೈಗಳಲ್ಲಿ ಸಿನಿಮಾ ವಾದಕರ ಸಂಘಗಳಿವೆ. ಆದರೆ ನೀವು ಹಾಸನದ ಮನೆಯಲ್ಲಿ ನುಡಿಸಿ ಕಳಿಸುವ ಭಕ್ತಿಗೀತೆಗೆ ಯಾವ ಸಂಘದ ರೇಟೂ ತಾನಾಗಿ ಅನ್ವಯಿಸುವುದಿಲ್ಲ. ರೇಟಿಗಿಂತ ಮೊದಲು ಲೆಕ್ಕ ಹಾಕುವ ಕ್ರಮ ಗಟ್ಟಿ ಮಾಡಿಕೊಳ್ಳಿ ಸರ್.

ಅಮೆರಿಕದ ವಾದಕರ ಒಕ್ಕೂಟ ಎಎಫ್‌ಎಂ (1896ರಲ್ಲಿ ಹುಟ್ಟಿದ್ದು) ಮಾಡಿಕೊಂಡ ಒಪ್ಪಂದ ಈ ವಿಷಯದಲ್ಲಿ ನೋಡುವಂತಿದೆ. ಅಲ್ಲಿ ಆಲ್ಬಂ ರೆಕಾರ್ಡಿಂಗ್‌ನ ಮಾಮೂಲಿ ಸೆಷನ್ ಅಂದರೆ 3 ಗಂಟೆ, ಅಷ್ಟರಲ್ಲಿ ಗರಿಷ್ಠ 15 ನಿಮಿಷದ ಸಂಗೀತ. ಗಡಿಯಾರದ ಮಿತಿ ಒಂದು, ಸಂಗೀತದ ಉದ್ದದ ಮಿತಿ ಇನ್ನೊಂದು, ಎರಡೂ ಇರುತ್ತವೆ. ನಮ್ಮ ಕಾಲ್‌ಶೀಟ್‌ನಲ್ಲಿ (ಒಂದು ಸಲದ ಕೆಲಸದ ಬುಕಿಂಗ್) ಗಂಟೆ ಮಾತ್ರ ಹೇಳುತ್ತಾರೆ. ಹಾಗಾಗಿಯೇ ಒಂದು ಹಾಡಿಗೆ ಹೋದವರು ನಾಲ್ಕು ಹಾಡು ನುಡಿಸಿ ಬರುವುದು. ಅಲ್ಲಿ ಎರಡನೇ ವಾದ್ಯ ನುಡಿಸಿದರೆ ಶೇ. 20, ಮೂರನೆಯದಕ್ಕೆ ಶೇ. 15 ಹೆಚ್ಚುವರಿ. ನಿಮ್ಮ ಕಾಲ್‌ಶೀಟ್ ಸಂಭಾವನೆ ₹6,000 ಅಂತಿಟ್ಟುಕೊಳ್ಳಿ. ಪಿಟೀಲಿನ ಜೊತೆ ವಿಯೋಲಾನೂ ನುಡಿಸಿ ಎಂದರೆ ಆ ಲೆಕ್ಕದಲ್ಲಿ ಇನ್ನೂ ₹1,200. ನಮ್ಮಲ್ಲಿ ಇದು ಕಾನೂನಲ್ಲ, ಆದರೆ ಕೇಳುವುದಕ್ಕೆ ಒಂದು ಆಧಾರ.

ಹಿಂದಿನ ರಾತ್ರಿ ಈ ಮೆಸೇಜ್ ಹಾಕಿ:

"ನಮಸ್ಕಾರ ಸರ್. ನಾಳೆ ಬೆಳಿಗ್ಗೆ 10ರಿಂದ 1. ಒಂದು ಹಾಡು, ಪಿಟೀಲು ಮಾತ್ರ. ಸಂಭಾವನೆ ಇಷ್ಟು, ಹಾಸನದಿಂದ ಹೋಗಿಬರುವ ಖರ್ಚು ಬೇರೆ. 1 ಗಂಟೆ ಮೀರಿದರೆ ಪ್ರತಿ ಅರ್ಧ ಗಂಟೆಗೆ ಇಷ್ಟು. ಎರಡನೇ ಹಾಡಾದರೆ ಬೇರೆ ಪೇಮೆಂಟ್. ನುಡಿಸಿದ್ದು ಈ ಹಾಡಿಗೆ ಮಾತ್ರ ಬಳಕೆ. ಕ್ರೆಡಿಟ್‌ನಲ್ಲಿ ಹೆಸರು ಹೀಗೆ ಇರಲಿ. ಸರಿಯಿದ್ದರೆ 'ಒಪ್ಪಿದೆ' ಅಂತ ಕಳಿಸಿ."

ಸಂಗೀತ ನಿರ್ದೇಶಕರಿಗಲ್ಲ, ದುಡ್ಡು ಕೊಡುವವರಿಗೆ ಕಳಿಸಿ. ನಡುವೆ ಕೋಆರ್ಡಿನೇಟರ್ ಇದ್ದರೆ ಇಬ್ಬರಿಗೂ ಹೋಗಲಿ. ಇಲ್ಲದಿದ್ದರೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕಿ ನಿಮ್ಮನ್ನು ಅಲೆಸುತ್ತಾರೆ.

ವಕೀಲೆ, ಚಿಕ್ಕಮಗಳೂರು

ಮೇಲಿನ ಮೆಸೇಜ್‌ನಲ್ಲಿ ಕ್ರೆಡಿಟ್‌ನ ಸಾಲು ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದನ್ನು ಮರ್ಯಾದೆಯ ವಿಷಯ ಅಂದುಕೊಂಡು ಬಿಟ್ಟುಕೊಡುವವರೇ ಹೆಚ್ಚು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಿನಿಮಾದಲ್ಲಿ ನಿಮ್ಮ ಪಾಲು ಆನುಷಂಗಿಕವಾಗಿದ್ದು, ಉದ್ಯಮದ ರೂಢಿಯಂತೆ ಕ್ರೆಡಿಟ್‌ನಲ್ಲೂ ಹೆಸರು ಬರದಂಥದ್ದಾದರೆ, ನೀವು ಕಾನೂನಿನ ಕಣ್ಣಲ್ಲಿ 'ಪ್ರದರ್ಶಕ'ರೇ ಅಲ್ಲ. ನುಡಿಸಿದ್ದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೊಂದು ಉಳಿಯುತ್ತದೆ, ಅಷ್ಟೇ. ಹೆಸರಿದ್ದರೆ ವಾದ ಬಲವಾಗುತ್ತದೆ. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ಸಿನಿಮಾಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟ ಮೇಲೂ ವಾಣಿಜ್ಯ ಬಳಕೆಗೆ ರಾಯಲ್ಟಿ ಕೇಳಬಹುದೆಂದು 38ಎ ಕಲಮು ಹೇಳುತ್ತದೆ.

ದುಡ್ಡು ಕೊಡುವಾಗ ಸಹಿ ಮಾಡಿಸುವ ವೋಚರ್ ಓದದೆ ಸಹಿ ಹಾಕಬೇಡಿ. ₹5,000 ಮೀರಿದ ರಶೀದಿಗೆ ₹1ರ ರೆವೆನ್ಯೂ ಸ್ಟಾಂಪ್ ಅಂಟಿಸಿ ಸಹಿ ಮಾಡಿಸುವುದು ಸರಿಯೇ. ಆದರೆ ಅದೇ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ "ಎಲ್ಲ ಹಕ್ಕುಗಳೂ ಶಾಶ್ವತವಾಗಿ, ಎಲ್ಲ ಮಾಧ್ಯಮಕ್ಕೆ" ಅಂತಿದ್ದರೆ ಅದು ರಶೀದಿಯಲ್ಲ, ಹಕ್ಕಿನ ಕ್ರಯ. ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಇಬ್ಬರೂ ಚಿಕ್ಕ ಸಹಿ ಹಾಕಿ. ಹಕ್ಕು ವರ್ಗಾವಣೆ ಲಿಖಿತವಾಗಿಯೇ, ಸಹಿಯೊಂದಿಗೇ ಆಗಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಮೊತ್ತದ ಜಾಗ ಖಾಲಿ ಬಿಟ್ಟ ವೋಚರ್ ಮುಟ್ಟಲೇಬೇಡಿ.

ತಬಲಾ, ಹಾಸನ

ಮೇಡಂ ಹೇಳಿದ್ದು ಕಾಗದದಲ್ಲಿ ಸರಿ. ಹೊಸಬರು ಸಾಲು ಹೊಡೆದರೆ ಮುಂದಿನ ಸಲ ಕರೆಯುವುದಿಲ್ಲ, ಅದೂ ಸತ್ಯ. ಚೌಕಾಸಿಗೆ ಒಂದೇ ವಿಷಯ ಇಟ್ಟುಕೊಳ್ಳಿ ಎಂದರೆ ನಾನು ಕ್ರೆಡಿಟ್ ಅನ್ನುತ್ತೇನೆ, ಅವರಿಗೆ ಅದರಿಂದ ಕೈಯಿಂದ ಕಾಸು ಹೋಗುವುದಿಲ್ಲ. ಯೂಟ್ಯೂಬ್ ವಿವರಣೆಯಲ್ಲೂ ಹೆಸರು ಹಾಕಿಸಿ, ಸ್ಕ್ರೀನ್‌ಶಾಟ್ ಇಡಿ. ಗಾಯಕರ ಹಕ್ಕಿಗಾಗಿ 2013ರಲ್ಲಿ ನೋಂದಾದ ಇಸ್ರಾ ಎಂಬ ರಾಯಲ್ಟಿ ಸಂಘ ಈಗ ವಾದಕರನ್ನೂ ಸೇರಿಸಿಕೊಂಡು ಇಸಾಮ್ರಾ ಆಗಿದೆ, ಅಲ್ಲಿ ಸದಸ್ಯತ್ವಕ್ಕೆ ವಿಚಾರಿಸಿ. ಐಪಿಆರ್‌ಎಸ್ ಎಂಬ ಇನ್ನೊಂದು ರಾಯಲ್ಟಿ ಸಂಘ ರಾಗ ಹಾಕಿದವರಿಗೆ, ಸಾಹಿತ್ಯ ಬರೆದವರಿಗೆ. ಬರೀ ನುಡಿಸಿದವರಿಗೆ ಅಲ್ಲಿ ಪಾಲಿಲ್ಲ.

ಸೌಂಡ್ ಇಂಜಿನಿಯರ್, ಹಾಸನ

ಮನೆ ರೆಕಾರ್ಡಿಂಗ್ ಬಗ್ಗೆ. 48 ಕಿಲೋಹರ್ಟ್ಸ್, 24 ಬಿಟ್, ಮೋನೋ ವೇವ್ ಫೈಲ್, ಹಾಡಿನ ಸೊನ್ನೆಯಿಂದಲೇ ಶುರು. ಬಿಟ್ ಬರುವಲ್ಲಿಂದ ಕತ್ತರಿಸಿ ಕಳಿಸಿದರೆ ಅವರ ಕಡೆ ಜಾಗ ತಪ್ಪಿ ಕೂರುತ್ತದೆ, ಆಮೇಲೆ "ತಾಳ ಹೋಗಿದೆ" ಅಂತ ನಿಮ್ಮ ಮೇಲೆ ದೂರು. ಪೀಕ್ ಮೈನಸ್ 6 ಡಿಬಿ ದಾಟದಿರಲಿ, ರಿವರ್ಬ್ (ಕೃತಕ ಪ್ರತಿಧ್ವನಿ) ಬೇಡ. ಓಪನ್ ಹೆಡ್‌ಫೋನ್ ಹಾಕಿದರೆ ಮೈಕ್‌ಗೆ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಸೋರುತ್ತದೆ. ಪಿಟೀಲು ಕಿವಿಯ ಪಕ್ಕದಲ್ಲೇ ಇರುವುದರಿಂದ ಇದು ನಿಮಗೆ ಹೆಚ್ಚು. ಶೀಟ್ ಮನೆಯಾದರೆ ಆಷಾಢದ ಮಳೆಯಲ್ಲಿ ತಾರೀಕು ಒಪ್ಪಿಕೊಳ್ಳಬೇಡಿ.

ಒಪ್ಪಿಗೆಗೆ ಮೊದಲು ಕಳಿಸುವುದು ಅವರ ಟ್ರ್ಯಾಕ್ ಮೇಲೆ ಮಿಕ್ಸ್ ಮಾಡಿದ ಎಂಪಿ3. ನಿಮ್ಮ ವಾದ್ಯ ಮಾತ್ರ ಇರುವ ವೇವ್ ಫೈಲ್ ದುಡ್ಡು ಬಂದ ಮೇಲೆಯೇ. ಮುಲಾಜಿಗೆ ಬಿದ್ದು ಮೊದಲೇ ಕೊಟ್ಟರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಿದ್ದುಪಡಿ ಎರಡು ಸಲ ಉಚಿತ, ಅವರೇ ಶ್ರುತಿ ಬದಲಿಸಿದರೆ ಅದು ಹೊಸ ರೆಕಾರ್ಡಿಂಗ್. ಸ್ಯಾಂಪಲ್ ಲೈಬ್ರರಿಗೆ, ಎಐ ತರಬೇತಿಗೆ ಬಳಸಕೂಡದು ಎಂಬ ಒಂದು ಸಾಲನ್ನೂ ಸೇರಿಸಿ.

ಲೆಕ್ಕಪತ್ರ ನೋಡುವವರು, ಹಾಸನ

ಕಂಪನಿಗಳು ವೃತ್ತಿ ಶುಲ್ಕದ ಮೇಲೆ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ, ಪ್ಯಾನ್ ಕೊಡದಿದ್ದರೆ ಶೇ. 20. ಹಿಡಿದೆವು ಎಂದವರು ನಿಜಕ್ಕೂ ಕಟ್ಟಿದ್ದಾರೆಯೇ ಎಂದು ಆದಾಯ ತೆರಿಗೆ ಜಾಲತಾಣದ ನಿಮ್ಮ ತೆರಿಗೆ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ್ದು) ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ದುಡ್ಡು ಕೇಳುವ ಏಜೆಂಟರ ಜಾಲತಾಣಕ್ಕೆ ಹೋಗಬೇಡಿ. ನೋಂದಾದ ಸೇವೆದಾರರಿಗೆ ಖರೀದಿದಾರರು ಒಪ್ಪಂದದ ದಿನದೊಳಗೆ, ಅದೂ 45 ದಿನ ಮೀರದಂತೆ ಕೊಡಬೇಕು. ದಿನ ಬರೆದಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳ ಲೆಕ್ಕದಲ್ಲಿ. ದೂರು ಸಣ್ಣ ಉದ್ಯಮಗಳ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ. ಕೆಲಸಕ್ಕಿಂತ ಮೊದಲೇ ನೋಂದಣಿ ಆಗಿರಬೇಕು.

ಪಿಟೀಲು, ಹಾಸನ

ಎಲ್ಲರಿಗೂ ನಮಸ್ಕಾರ. ನೋಂದಣಿ ಇಲ್ಲದಿದ್ದಾಗ ನುಡಿಸಿದ ಹಳೆ ಬಾಕಿಗೆ?

ವಕೀಲೆ, ಚಿಕ್ಕಮಗಳೂರು

ಬಾಕಿ ವಸೂಲಿ ದಾವೆಗೆ ಕಾಲಮಿತಿ 3 ವರ್ಷ. ಮೊದಲು ಹಾಸನ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಕೊಡಿ, ಲೋಕ ಅದಾಲತ್‌ಗೆ ಎರಡೂ ಕಡೆಯವರನ್ನು ಕರೆಸುತ್ತಾರೆ. ಮೆಸೇಜ್‌ಗಳನ್ನು ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಇಟ್ಟುಕೊಳ್ಳಿ. ಕೋರ್ಟಿಗೆ ಹೋದರೆ ಅವುಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ, ಡಿಜಿಟಲ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ.