ಸಹಾಯ ಬೇಕು: ಕುತ್ತಿಗೆ ಮೂಳೆ ಸವೆತ, ಡಿಸೆಬಿಲಿಟಿ ಪೆನ್ಷನ್ ಅಪೀಲು (ದಾವಣಗೆರೆ)

ದಾವಣಗೆರೆ, ಚಿತ್ರದುರ್ಗ ಕಡೆಯ ಮಾಜಿ ಸೈನಿಕರಿಗೆಲ್ಲ ನಮಸ್ಕಾರ. ಹರಿಹರದ ನಿವೃತ್ತ ಹವಾಲ್ದಾರ್ ಒಬ್ಬರ ಪರವಾಗಿ ಕೇಳ್ತಿದ್ದೀವಿ. 2022ರಲ್ಲಿ ಬಿಡುಗಡೆ, ಹಾಗಾಗಿ ಡಿಸೆಬಿಲಿಟಿ ಪೆನ್ಷನ್ ಅರ್ಹತೆಗೆ 2023ರ ಹೊಸ ನಿಯಮ ಅಲ್ಲ, 2008ರದ್ದೇ ಅನ್ವಯ. ರಿಲೀಸ್ ಮೆಡಿಕಲ್ ಬೋರ್ಡ್ (ಬಿಡುಗಡೆ ವೇಳೆ ತಪಾಸಣೆ ಮಾಡೋ ಸೇನಾ ವೈದ್ಯರ ಮಂಡಳಿ) ಸರ್ವೈಕಲ್ ಸ್ಪಾಂಡಿಲೋಸಿಸ್‌ಗೆ, ಅಂದ್ರೆ ಕುತ್ತಿಗೆ ಮೂಳೆ ಸವೆತಕ್ಕೆ, ಶೇ. 30 ಅಂಗವೈಕಲ್ಯ ಕೊಟ್ಟು, "ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ" ಅಂತ ಷರಾ ಬರೆದಿದೆ. ಕನಿಷ್ಠ ಶೇ. 20 ದಾಟಿದ್ರೂ ಕ್ಲೇಮ್ ಬಿದ್ದಿರೋದು ಈ ಒಂದು ಸಾಲಿಗೆ. ಅದು ತಿದ್ದುಪಡಿಯಾದ್ರೆ 30 ಇರೋದು 50ಕ್ಕೆ ರೌಂಡ್ ಆಗುತ್ತೆ.

ಕೈಯಲ್ಲಿರೋದು ಹೋದ ತಿಂಗಳ ಎಂಆರ್‌ಐ ಮಾತ್ರ. ಟ್ಯೂಬ್‌ಲೈಟಿಗೆ ಹಿಡಿದ್ರೆ ಕುತ್ತಿಗೆಯ ಸಿ5-ಸಿ6 ಮೂಳೆಗಳ ನಡುವೆ ಡಿಸ್ಕ್ ಉಬ್ಬಿರೋದು ಕಾಣುತ್ತೆ, ಆದ್ರೆ ಅದು ಇವತ್ತಿನ ಸ್ಥಿತಿ ಅಷ್ಟೆ. ಬಹಳ ಜನ ಎಡವೋದೇ ಇಲ್ಲಿ! ಕಾಯಿಲೆ ಸೇವೆಯಲ್ಲಿದ್ದಾಗ ಬಂತು ಅಂತ ತೋರಿಸೋಕೆ ಬೇಕಾಗಿರೋದು ಭರ್ತಿ ವೇಳೆಯ ಮೆಡಿಕಲ್, ಮೆಡಿಕಲ್ ಕೆಟಗರಿ ಇಳಿಸಿದಾಗಿನ ಬೋರ್ಡ್ ಫಾರ್ಮ್ ಎಎಫ್‌ಎಂಎಸ್‌ಎಫ್-15, ಬಿಡುಗಡೆಯ ಬೋರ್ಡ್ ಫಾರ್ಮ್ ಎಎಫ್‌ಎಂಎಸ್‌ಎಫ್-16, ಪೋಸ್ಟಿಂಗ್ ವಿವರ. ಭರ್ತಿಯಲ್ಲಿ ಕಾಯಿಲೆ ನಮೂದಾಗಿಲ್ಲ ಅಂದ್ರೆ ಅದು ಸೇವೆಯಿಂದಲೇ ಬಂದದ್ದು ಅಂತ ಸಾಮಾನ್ಯವಾಗಿ ಭಾವಿಸಬೇಕು ಅನ್ನೋ ಧರ್ಮವೀರ್ ಸಿಂಗ್ ಪ್ರಕರಣದ 2013ರ ಸುಪ್ರೀಂ ಕೋರ್ಟ್ ತೀರ್ಪು ಆಸರೆಗೆ ಬರುತ್ತೆ. ರೆಕಾರ್ಡ್ಸ್ ಆಫೀಸಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಾಗಿದೆ.

ಈಗ ಕೇಳೋದು ಎರಡು. ಮೊದಲ ಅಪೀಲಿನ ಆರು ತಿಂಗಳ ಗಡುವು ಮೀರಿದೆ. ವಿಳಂಬ ಮನ್ನಾ ಅರ್ಜಿಯನ್ನ ಇತ್ತೀಚೆಗೆ ಬರೆದವರು ಒಂದು ಮಾದರಿ ಕೊಡ್ತೀರಾ? ಇನ್ನೊಂದು, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದಲ್ಲಿ ಬೆನ್ನುಮೂಳೆ ಕೇಸು ನಡೆಸಿದ ವಕೀಲರು ಗೊತ್ತಿದ್ರೆ ಇನ್‌ಬಾಕ್ಸ್‌ಗೆ ಹೇಳಿ. ತಡವಾಗಿ ಹೋದ್ರೆ ಪೆನ್ಷನ್ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ ಸಿಗೋದು, ಅದಕ್ಕೇ ಅವಸರ.