ಮಣ್ಣಿನ ಸವಕಳಿಗೆ ‘ಮುನ್ಸೂಚನೆ’ ಸಲ್ಲುತ್ತದೆಯೇ?

ಬಳಗದ ಹಿರಿಯರಿಗೆ ನಮಸ್ಕಾರ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗಾಗಿ ಒಣಬೇಸಾಯದ ಮಣ್ಣಿನ ಬಗ್ಗೆ ಕಿರುಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ‘ಸವಕಳಿ’ಯ ಬಗ್ಗೆ ತಕರಾರಿಲ್ಲ, ಮರಾಠಿಯಲ್ಲಿ ‘ಧೂಪ’ ಎಂದು ಓದಿದವರಿಗೂ ಅದು ತಿಳಿಯುತ್ತದೆ. ತೊಡಕಿರುವುದು ‘ಸವಕಳಿಯ ಮುನ್ಸೂಚನೆ’ ಎಂಬ ಮಾತಿನಲ್ಲಿ.

ಹೊಲದಿಂದ ಎಷ್ಟು ಮಣ್ಣು ಕೊಚ್ಚಿಹೋದೀತು ಎಂಬ ಈ ಲೆಕ್ಕಕ್ಕೆ ಹೆಚ್ಚಾಗಿ ಬಳಸುವುದು ಅಮೆರಿಕದ ವಿಶ್‌ಮೈಯರ್ ಮತ್ತು ಸ್ಮಿತ್ 1965ರಲ್ಲಿ ಕೊಟ್ಟು 1978ರಲ್ಲಿ ಪರಿಷ್ಕರಿಸಿದ ಸಮೀಕರಣವನ್ನು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ, ಅದು ಎಷ್ಟು ಕಡಿದಾಗಿದೆ ಎಂಬುದು, ಬೆಳೆಯ ಹೊದಿಕೆ, ಒಡ್ಡಿನಂಥ ತಡೆಗಳು ಇವೆಲ್ಲವನ್ನೂ ಗುಣಿಸಿದರೆ ವರ್ಷಕ್ಕೆ ಹೆಕ್ಟೇರಿಗೆ ಇಷ್ಟು ಟನ್ ಎಂದು ಬರುತ್ತದೆ. ಆದರೆ ಅದು ಹಲವು ವರ್ಷಗಳ ಸರಾಸರಿ. ‘ಮುನ್ಸೂಚನೆ’ ಎಂದರೆ ರೈತ ಹವಾಮಾನ ಇಲಾಖೆಯ ಮಾತೆಂದೇ ತಿಳಿದು, ಈ ಸಲ ಎಷ್ಟು, ಯಾವಾಗ ಎಂದು ಕೇಳುತ್ತಾನೆ. ಕೇಳಬೇಕಾದದ್ದೇ.

ಏಕೆಂದರೆ ಒಣಸೀಮೆಯಲ್ಲಿ ಸರಾಸರಿಗೆ ಬೆಲೆ ಕಡಿಮೆ. ಹಿಂಗಾರಿ ಜೋಳಕ್ಕೆಂದು ಎರೆ (ಕಪ್ಪು ಮಣ್ಣಿನ) ಹೊಲವನ್ನು ಮುಂಗಾರಿನುದ್ದಕ್ಕೂ ಬರಿದಾಗಿ ಬಿಟ್ಟಿರುತ್ತಾರೆ. ದೊಡ್ಡ ಮಳೆ ಬರುವುದು ಸೆಪ್ಟೆಂಬರ್ ಸುಮಾರಿಗೆ. ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳು ಮೊದಲ ಮಳೆಗಳನ್ನು ಗಟಗಟ ಕುಡಿಯುತ್ತವೆ. ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ನೀರು ಇಂಗುವುದು ತೀರಾ ನಿಧಾನ. ಇಂಗದೆ ಉಳಿದದ್ದು ಹೊಲದ ಮೇಲೆಯೇ ಹರಿದು, ಒಡ್ಡು ಎಲ್ಲಿ ಸಡಿಲವಿದೆಯೋ ಅಲ್ಲಿಗೆ ನುಗ್ಗುತ್ತದೆ. ವರ್ಷಗಟ್ಟಲೆ ಆಗದ ಸವಕಳಿ ಒಂದೇ ಸಂಜೆಯಲ್ಲಿ ಆಗಿಬಿಡಬಹುದು. ಮೇಲಾಗಿ, ಒಡ್ಡು ಒಡೆದು ಬೀಳುವ ಕೊರಕಲನ್ನು ಈ ಸಮೀಕರಣ ಲೆಕ್ಕಕ್ಕೇ ಹಿಡಿಯುವುದಿಲ್ಲ. ಪದರವಾಗಿ ಹೋಗುವ ಮಣ್ಣು, ಕುಂಟೆ ಹೊಡೆದರೆ ಮುಚ್ಚಿಹೋಗುವ ಸಣ್ಣ ಸೀಳುಗಳು, ಇಷ್ಟೇ ಅದರ ವ್ಯಾಪ್ತಿ.

ಹಾಗಾಗಿ ‘ಮುನ್ಸೂಚನೆ’ಯನ್ನು ಕೈಬಿಡಬೇಕೆಂದು ನನ್ನ ಮನಸ್ಸು. ‘ಅಂದಾಜು’ ಸಾಕೆಂದರೆ, ಅದು ಆಗಿಹೋದದ್ದಕ್ಕೂ ಸಲ್ಲುತ್ತದೆ ಎಂಬ ಆಕ್ಷೇಪ ಬರುತ್ತದೆ. ‘ಮುನ್ನಂದಾಜು’ ಅರ್ಥಕ್ಕೆ ಸರಿ, ನಾಲಿಗೆಗೆ ಸ್ವಲ್ಪ ಬಿರುಸು. ಈ ಕಡೆಯ ಹಳೆಯ ಲೆಕ್ಕದವರ ‘ಅಡಸಟ್ಟೆ’ (ಸುಮಾರು ಲೆಕ್ಕ) ನನಗೆ ಇಷ್ಟ. ಪಕ್ಕಾ ಅಲ್ಲ ಎಂಬ ಎಚ್ಚರಿಕೆ ಅದರೊಳಗೇ ಇದೆ. ಮಕ್ಕಳಿಗೆ ಅದು ತೀರಾ ಹಳತಾದೀತೇ?

ಜೊತೆಗೆ ಇನ್ನೊಂದು ಪದ ಬೇಕಾಗಿದೆ. ಹೊಲದಿಂದ ಕಳಚಿದ ಮಣ್ಣೆಲ್ಲ ಹಳ್ಳ ಸೇರುವುದಿಲ್ಲ. ಕೆರೆಯಲ್ಲಿ ತುಂಬಿದ್ದು ಹೂಳು, ಹೊಳೆ ತಂದು ದಂಡೆಗೆ ಹಾಕಿದ್ದು ಮೆಕ್ಕಲು. ನಡುದಾರಿಯಲ್ಲಿ ಒಡ್ಡಿನ ಮಗ್ಗುಲಿಗೆ ಕುಳಿತ ಮಣ್ಣಿಗೆ ಅಕ್ಕಲಕೋಟೆ, ಇಂಡಿ, ಮಡಕಶಿರಾ ಕಡೆಯವರು ಏನೆನ್ನುತ್ತೀರಿ?